ಗಾದಿಯಿಂದ ಏಳುವ ತಾಲೀಮು

ಅರ್ಧ ತಯಾರಾದ ಮಾಲನ್ನು ಗಿರಾಕಿಗೆ ತೋರಿಸಬಾರದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ವ್ಯಾಪಾರ ಕಲಿಸಿದ ಮೊದಲ ಪಾಠವಿದು. ಸೋಲಾಪುರದ ನವಿ ಪೇಠದಲ್ಲಿ ಸೀರೆ ಅಂಗಡಿಯೊಂದರ ಗಾದಿಯ ಮೇಲೆ ಮೂವತ್ತು ವರ್ಷ ಕೂತಿದ್ದೇನೆ. ದೊಡ್ಡ ದೊಡ್ಡ ಪದವಿಯವರೂ ಎದುರಿಗೆ ಕೂತು, "ಇದರಾಗ ಯಾವುದು ಚಲೋ, ನೀವ ಹೇಳ್ರಿ" ಎನ್ನುತ್ತಾರೆ. ಹೀಗಾಗಿ ನನಗೆ ತಿಳಿಯದ್ದು ಜಗತ್ತಿನಲ್ಲಿ ಬಹಳಿಲ್ಲ ಎಂದು ನಂಬಿದ್ದೆ. ಹೆಂಡತಿ ನಂಬಿರಲಿಲ್ಲ, ಆ ಮಾತು ಬೇರೆ.

ಮಗಳು ಶೈಲಾ ಕಾಲೇಜು ಕಲಿಯುತ್ತ ಹೊಸ ನಮೂನೆಯ ನೃತ್ಯತಂಡವೊಂದನ್ನು ಸೇರಿದಳು. ಗೆಜ್ಜೆ ಇಲ್ಲ, ಎಷ್ಟೋ ಸಲ ಹಾಡೂ ಇಲ್ಲ. ಒಂದು ರವಿವಾರ ಆಕೆ, "ಅಪ್ಪಾ, ಇವತ್ತ ನಮ್ಮ ತಾಲೀಮು ಮಂದಿ ಮುಂದ ಅದ. ನಾ ಕಟ್ಟಿದ ಕುಣಿತದ ತುಕಡಾ ಇಡೂದೋ ಬಿಡೂದೋ, ನೋಡಿದವರ ಮಾತ ಕೇಳಿ ಕಲಿಸೋ ಮೇಡಂ ಠರಾಸ್ತಾರ. ನೀವೂ ಬರ್ರಿ" ಎಂದಳು. ಅರ್ಧ ತಯಾರಾದ ಮಾಲು, ಅದೂ ಕರೆದು ತೋರಿಸುತ್ತಾರೆ! ನಮ್ಮೂರು ಅಕ್ಕಲಕೋಟದಿಂದ ಎಸ್‌ಟಿ ಬಸ್ಸು ಹಿಡಿದು ಹೋದೆ.

ಸೋಲಾಪುರದ ತಾಲೀಮಿನ ಹಾಲ್‌ನಲ್ಲಿ ಇಪ್ಪತ್ತು ಮಂದಿ ಸುತ್ತಲೂ ಕೂತಿದ್ದೆವು. ನಡುವೆ ಹುಡುಗರು ಬೀಳುತ್ತಿದ್ದರು. ಎದ್ದು ಮತ್ತೆ ಹಾಗೇ ಬೀಳುತ್ತಿದ್ದರು. ಪುಣೆಯ ಮೇಡಂ "ಪುನ್ಹಾ" ಎಂದಾಗಲೆಲ್ಲ ಮೊದಲಿನಿಂದ ಶುರು. "ಗಿರಾಕಿಗೆ ಪಸಂದ ಬಂದಿಲ್ಲ ಕಾಣತದ" ಎಂದು ಪಕ್ಕದ ಮುದುಕರ ಕಿವಿಯಲ್ಲಿ ಹೇಳಿದೆ. "ಇಲ್ರಿ, ಮಾಲು ಇನ್ನಾ ಮಗ್ಗದ ಮ್ಯಾಲ ಅದ" ಎಂದರು ಅವರು. ಆಮೇಲೆ ಬಾಗಿ ಬಾಗಿ ನೋಡಿದೆ. ಐದನೆಯ ಸಲ ಬಿದ್ದ ಹುಡುಗ ಭುಜ ತಾಗಿಸುವುದನ್ನು ಬಿಟ್ಟು ಅಂಗೈ ಜಾರಿಸಿದ, ಸಪ್ಪಳವೇ ಆಗಲಿಲ್ಲ. ಅರೇ, ಹೀಗೆ ಮಾಡುತ್ತಾರಾ ಇದನ್ನು!

ನಂತರ ಶೈಲಾ ಬಂದಳು. ಕಾಲು ಮಡಚಿ ಕೂತು, ಇಲ್ಲದ ಸೀರೆಗಳನ್ನು ಬಿಚ್ಚಿ ಬಿಚ್ಚಿ ಹರವತೊಡಗಿದಳು. ನಾನೇ ಅದು! ಎದೆ ಉಬ್ಬಿತು. ಆದರೆ ಕೆಲಸ ತಪ್ಪಿತ್ತು. ಮೇಡಂ ಅಭಿಪ್ರಾಯ ಕೇಳಿದ್ದೇ ತಡ, ಮರಾಠಿಯಲ್ಲಿ ಶುರುಮಾಡಿ ಆವೇಶಕ್ಕೆ ಕನ್ನಡದಲ್ಲಿ ಮುಗಿಸಿದೆ: "ಇದು ಸುಳ್ಳ ಅದರಿ! ಕಣ್ಣು ಸೀರಿ ಮ್ಯಾಲ ಅದ, ಗಿರಾಕಿ ಮಾರಿ ಮ್ಯಾಲ ಇರಬೇಕು. ಆಕಿ ಹುಬ್ಬು ಹಾರಲಿಲ್ಲಂದ್ರ ಕೈಯಾಗ ಎರಡನೇ ಸೀರಿ ಬಂದಿರಬೇಕು."

ಮೇಡಂ ವಹಿಯಲ್ಲಿ ಏನೋ ಬರೆದುಕೊಂಡರು. ಮಗಳ ತುಕಡಾ ನನ್ನ ಬಾಯಿಂದಲೇ ಹೋಯಿತೆಂದು ಆಗ ಹೊಳೆಯಿತು. ಶೈಲಾ ಕೆಂಪಗಾಗಿ, "ತೋರಸ್ರಿ ಮತ್ತ" ಎಂದಳು.

ಹೋಗಿ ಕೂತು ತೋರಿಸಿದೆ. ಹತ್ತು ಸೀರೆ ಹರವಿದೆ, ವಾಹ್ವಾ ಬಂತು. ಆಮೇಲೆ ಏಳಬೇಕಲ್ಲ! ಗಾದಿಯವರ ಮೊಣಕಾಲು ಗಾದಿಯಲ್ಲೇ ಸವೆದಿರುತ್ತದೆ. ಅದಕ್ಕೆ ನಾವು ಏಳುವಾಗ ಗಿರಾಕಿಗೆ ಮುಖ ತೋರಿಸುವುದಿಲ್ಲ. ಕಪಾಟಿನ ಕಡೆ ತಿರುಗಿ, "ಹೊಸ ಮಾಲ ತೋರಸ್ತೀನಿ" ಎನ್ನುತ್ತ ಹಲಗೆ ಹಿಡಿದು ಏಳುತ್ತೇವೆ. ನರಳಿಕೆ ಆ ಮಾತಿನಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಕಪಾಟಿಲ್ಲ, ನಾಲ್ಕೂ ಕಡೆ ಮಂದಿ. ಅಭ್ಯಾಸಬಲದಿಂದ ಖಾಲಿ ಗಾಳಿಗೆ ಕೈಚಾಚಿ, "ಹೊಸ ಮಾಲ ತೋರಸ್ತೀನಿ" ಎಂದು ಅರ್ಧ ಎದ್ದು ಅಲ್ಲೇ ನಿಂತೆ.

ಯಾರೂ ನಗಲಿಲ್ಲ. "ಅಪ್ಪಾ, ಹಂಗ ಇರ್ರಿ," ಎಂದಳು ಶೈಲಾ ಮೆಲ್ಲಗೆ. "ಇದನ್ನ ಎಂದೂ ನೋಡಗೊಟ್ಟಿಲ್ಲ ನೀವು."

ಮೇಡಂ ಎಂದರು: "ಪುನ್ಹಾ, ಕಾಕಾ."

ಏಳು ಸಲ ಎದ್ದೆ. ನಾಲ್ಕನೆಯ ಸಲ ನೋವು ಕಾಣದಂತೆ ಚೆನ್ನಾಗಿ ಎದ್ದೆನೆಂದು ಮೇಡಂ ಅದು ಬೇಡವೆಂದರು. ಕೈ ಮೊದಲು ಎಲ್ಲಿ ಹೋಗುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಮಗಳು ನನ್ನ ಬೆನ್ನ ಹಿಂದೆ ಕೂತು ಕಲಿತಳು. ತುಕಡಾ ಉಳಿಯಿತು.

ಅಕ್ಕಲಕೋಟದಲ್ಲಿ ಪ್ರಯೋಗವಾದ ಸಂಜೆ ಓಣಿಯೆಲ್ಲ ಜಮಖಾನೆಯ ಮೇಲೆ ಕೂತಿತ್ತು. ನಾನು ಹರವಿ ತೋರಿಸಿದ್ದ ಹತ್ತು ಸೀರೆಗಳಲ್ಲಿ ಒಂಬತ್ತನ್ನು ಶೈಲಾ ತುಕಡಾದಿಂದ ಕತ್ತರಿಸಿದ್ದಳು. ಅವಳು ಗಾಳಿ ಹಿಡಿದು ಏಳುವಾಗ ಮಾತ್ರ ಒಂದು ಕೂಸೂ ಅಳಲಿಲ್ಲ. ಹೆಂಡತಿ ನನ್ನ ಕಡೆ ತಿರುಗಿ, "ರೀ, ಇಷ್ಟ ನೋಯತದೇನು ನಿಮಗ?" ಎಂದಳು.

"ಏ, ನೃತ್ಯ ಅದು. ಹುಡುಗಿ ಬಾಳ ಹೆಚ್ಚಿಗಿ ಮಾಡ್ಯಾಳ," ಎಂದೆ.

ಮುಗಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೊಬ್ಬ ಕೂತೇ ತಟ್ಟಿದೆ.