ಸಿನಿಮಾಕ್ಕೆ ನಾವು ಬಣ್ಣ ಹಚ್ಚಿದ ವರ್ಷ

ಬಣ್ಣದ ಸಹವಾಸ ಮಾಡಿದವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಎಪ್ಪತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ ಅಜ್ಜಂಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹಂಗಾಮಿ ವಿಜ್ಞಾನ ಮೇಷ್ಟ್ರಾಗಿದ್ದೆ. ನನ್ನನ್ನು ಮುಂದುವರಿಸುವುದು, ಬಿಡುವುದು ಆಡಳಿತ ಮಂಡಳಿಯ ಅಧ್ಯಕ್ಷರ ಕೈಯಲ್ಲಿತ್ತು. ದೊಡ್ಡ ತೆಂಗಿನ ತೋಟದ ಯಜಮಾನರು. ವಾರ್ಷಿಕೋತ್ಸವಕ್ಕೆ ಏನಾದರೂ ಹೊಸದು ಮಾಡಿ ತೋರಿಸಿ, ಆಮೇಲೆ ನೋಡೋಣ ಎಂದಿದ್ದರು.

ಆಗ ಟೆಂಟಿಗೆ 'ಭಾಗಶಃ ವರ್ಣ' ಚಿತ್ರ ಬಂದರೆ, ಬಣ್ಣದ ಹಾಡಿನ ಹೊತ್ತಿಗೆ ಸರಿಯಾಗಿ ಜನ ಬೀಡಿ ಆರಿಸಿ ಒಳಗೆ ಬರುತ್ತಿದ್ದರು. ಅದನ್ನು ನೋಡಿ, ಸಿನಿಮಾಕ್ಕೆ ಮೊದಮೊದಲು ಬಣ್ಣ ಹೇಗೆ ಬಂತೆಂದು ಮಾಡಿ ತೋರಿಸಲು ಹೊರಟೆ.

ಕುಂಚದ ಬಣ್ಣ

ಶುರುವಿನಲ್ಲಿ ಫಿಲ್ಮಿನ ಒಂದೊಂದು ಚೌಕಕ್ಕೂ ಕೈಯಿಂದಲೇ ಬಣ್ಣ ಹಚ್ಚುತ್ತಿದ್ದರು. ಕಡೂರಿನ ಟೆಂಟಿನ ಆಪರೇಟರ್ ಹಳೆಯ ತುಂಡೊಂದನ್ನು ಕೊಟ್ಟರು. ಹೆಂಗಸೊಬ್ಬಳು ಬಾವಿಯಿಂದ ನೀರು ಸೇದುವ ದೃಶ್ಯ. ಸೀರೆಗೆ ಬಣ್ಣ ಹಚ್ಚಿಕೊಡಿ ಎಂದು ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಕೊಟ್ಟೆ. ಅವರು ಭೂತಗನ್ನಡಿ ಹಿಡಿದು ವಾರಗಟ್ಟಲೆ ಕೂತು, ಒಂದು ಚೌಕಕ್ಕೆ ಹಳದಿ, ಮುಂದಿನದಕ್ಕೆ ನೇರಳೆ, ಅದರ ಮುಂದಿನದಕ್ಕೆ ಹಸಿರು ಹಚ್ಚಿದ್ದರು. ಯಾಕೆ ಸಾರ್ ಎಂದರೆ, ಅಷ್ಟೊಂದು ಚಿತ್ರಕ್ಕೆ ಒಂದೇ ಬಣ್ಣ ಹಚ್ಚಿದರೆ ನೋಡುವವರಿಗೆ ಬೇಜಾರಾಗುವುದಿಲ್ಲವೇ ಎಂದರು.

ಟೆಂಟಿನಲ್ಲೇ ಓಡಿಸಿ ನೋಡಿದೆವು. ಕೊಡ ಮೇಲೆ ಬರುವಷ್ಟರಲ್ಲಿ ಸೀರೆ ನೂರು ಸಲ ಬದಲಾಯಿತು. ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿ ನೋಡಿದಳು.

"ಮನೇಲಿ ಇಷ್ಟೊಂದು ಸೀರೆ ಇಟ್ಕೊಂಡು, ನೀರು ಸೇದಾಕೆ ಯಾಕ್ ಬಂದ್ಲು ಇವ್ಳು?"

ನೀಲಿ ರಾತ್ರಿ

ಮುಂದಿನ ವಿಧಾನ ಸುಲಭ. ರಾತ್ರಿಯ ದೃಶ್ಯವಾದರೆ ಇಡೀ ಫಿಲ್ಮನ್ನೇ ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ನನ್ನ ರೂಮು ತರೀಕೆರೆಯಲ್ಲಿತ್ತು. ಅಲ್ಲಿ ಇನ್ನೊಂದು ತುಂಡನ್ನು ಅದ್ದಿ, ಹಿತ್ತಲ ತಂತಿಗೆ ಒಣಹಾಕಿ ಬಸ್ ಹತ್ತಿದೆ. ಸಂಜೆ ಬಂದರೆ ಫಿಲ್ಮು ಗಾಜಿನ ಹಾಗೆ ಹೊಳೆಯುತ್ತಿತ್ತು. ನೀಲಿಯೂ ಇಲ್ಲ, ಚಿತ್ರವೂ ಇಲ್ಲ. ಮನೆಯೊಡತಿ ಅಜ್ಜಿ ಬಿಸಿನೀರು, ಸೋಪು, ತೆಂಗಿನ ನಾರು ಹಾಕಿ ಉಜ್ಜಿದ್ದರು.

"ಎಂಥಾ ಕೊಳೆ ಕಣಪ್ಪಾ ಅದು. ಸಣ್ಣ ಸಣ್ಣ ಮನುಷ್ರ ಥರ ಅಂಟ್ಕೊಂಡಿತ್ತು. ಒಬ್ರನ್ನೂ ಬಿಡ್ಲಿಲ್ಲ."

ಎರಡು ಬಣ್ಣದ ಚಕ್ರ

ಉಳಿದದ್ದು ಒಂದೇ ವಿಧಾನ. ಅರ್ಧ ಕೆಂಪು, ಅರ್ಧ ಹಸಿರು ಪಾರದರ್ಶಕ ಹಾಳೆಯ ಚಕ್ರವನ್ನು ಕ್ಯಾಮೆರಾದ ಮುಂದೆ ತಿರುಗಿಸುತ್ತ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ತೆಗೆಯುವುದು. ಒಂದು ಚೌಕ ಕೆಂಪಿನಲ್ಲಿ, ಮುಂದಿನದು ಹಸಿರಿನಲ್ಲಿ. ತೋರಿಸುವಾಗಲೂ ಅದೇ ಚಕ್ರ ಅದೇ ಸರದಿಯಲ್ಲಿ ತಿರುಗಿಸುವುದು. ಕಣ್ಣೇ ಬಣ್ಣ ಬೆರೆಸಿಕೊಳ್ಳುತ್ತದೆ. ಕಡೂರಿನ ಸ್ಟುಡಿಯೋದವರೊಬ್ಬರು ಕ್ಯಾಮೆರಾ, ಪ್ರೊಜೆಕ್ಟರ್ ಕೊಟ್ಟರು. ಅಧ್ಯಕ್ಷರು ಬಿಳಿ ರುಮಾಲು ಸುತ್ತಿ ತಮ್ಮ ತೋಟದಲ್ಲಿ ನಡೆದಾಡಿದರು. ಹಿಂದಿನ ದಿನ ಓಡಿಸಿ ನೋಡಿದಾಗ ಎಲ್ಲ ಸರಿಯಾಗಿತ್ತು. ನೆಮ್ಮದಿಯಿಂದ ಮಲಗಿದೆ.

ವಾರ್ಷಿಕೋತ್ಸವದ ದಿನ ಅಧ್ಯಕ್ಷರ ಪಕ್ಕ ಅತಿಥಿಯಾಗಿ ಕೃಷಿ ಅಧಿಕಾರಿ ಕೂತಿದ್ದರು. ದೀಪ ಆರಿಸಿದೆವು. ಪರದೆಯ ಮೇಲೆ ತೆಂಗಿನ ಗರಿಗಳೆಲ್ಲ ಕೆಂಪು. ಅಧ್ಯಕ್ಷರ ಮುಖ ಎಳೆ ಹಸಿರು. ರುಮಾಲು ಮಾತ್ರ ಬೆಳ್ಳಗಿತ್ತು.

ಚಕ್ರ ನೋಡಿದೆ. ಅದರ ಅಂಚಿಗೆ ಅಂದವಾದ ಹೂಬಳ್ಳಿ ಬಂದಿತ್ತು. ಡ್ರಾಯಿಂಗ್ ಮೇಷ್ಟ್ರು ಬಿಚ್ಚಿ, ಬಳ್ಳಿ ಬರೆದು, ಅರ್ಧ ಸುತ್ತು ತಿರುಗಿಸಿ ಕೂರಿಸಿದ್ದರು. ಕೆಂಪಿನ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ಕೆಂಪು. ಕೆಲಸ ಹೋಯಿತು ಎಂದುಕೊಂಡೇ ಯಂತ್ರ ನಿಲ್ಲಿಸಲು ಕೈ ಚಾಚಿದೆ.

ಕತ್ತಲಲ್ಲಿ ಅಧ್ಯಕ್ಷರ ದನಿ ಬಂತು. "ನೋಡಿ ಸಾಹೇಬ್ರೇ. ತೋಟಕ್ಕೆ ರೋಗ ಬಂದೈತೆ, ಪರಿಹಾರ ಕೊಡ್ಸಿ ಅಂತ ಎಷ್ಟು ಬಡ್ಕೊಂಡ್ರೂ ನೀವು ನಂಬ್ಲಿಲ್ಲ. ಈಗ ಸೈನ್ಸ್ ಮೇಷ್ಟ್ರ ಮಿಷನ್ನಲ್ಲೇ ಬಂತು."

ತೋಟ ಇರಲಿ, ನಿಮ್ಮ ಮುಖ ಯಾಕೆ ಹಸಿರು ಎಂದು ಅಧಿಕಾರಿ ಕೇಳಿದರು.

"ಅಂಥಾ ತೋಟ ನೋಡ್ದೋನ್ ಮುಖ ಇನ್ ಹೆಂಗಿರ್ತೈತೆ?"

ಸಭೆಯೆಲ್ಲ ನಕ್ಕಿತು. ನನಗೆ ಹೋದ ಜೀವ ಬಂತು. ಕೈ ಇನ್ನೂ ಚಾಚಿಯೇ ಇತ್ತು. ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಮುಂದಿನ ವರ್ಷಾನೂ ನೀವೇ ಇರಿ. ಆ ಚಕ್ರ ಒಂದು ಮುಟ್ಬೇಡಿ."