ಬಿದಿರಿನ ಅಣೆಕಟ್ಟು, ಬೀಗರ ಮೀನುಕೊಳ

ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಅದರ ಸೂರು ರಿಪೇರಿ ಮಾಡಲು ಮಾತ್ರ. ಆದರೂ ನಮ್ಮ ಮಿಂಡನಾವೋ ದ್ವೀಪದ ಕರೆಂಟಿನ ರೋಗವನ್ನು ಮನಿಲಾದ ಇಂಜಿನಿಯರುಗಳಿಗಿಂತ ಮೊದಲು ಕಂಡುಹಿಡಿದವನು ನಾನೇ. ಇಲ್ಲಿನ ದೀಪಗಳು ನೀರು ಕುಡಿದು ಬದುಕುವಂಥವು. ಬೇಸಿಗೆಯಲ್ಲಿ ಸರೋವರ ಇಳಿಯಿತೋ, ದಿನಕ್ಕೆ ಎಂಟು ಗಂಟೆ ಕತ್ತಲೆ.

ಶನಿವಾರ ಸಂಜೆ ಮಗಳು ಮರಿವಿಕ್‌ಳನ್ನು ಕೇಳಲು ಗಂಡಿನ ಕಡೆಯವರು ಬರುವವರಿದ್ದರು. ಸರಿಯಾಗಿ ಆ ಹೊತ್ತಿಗೇ ಕರೆಂಟು ತೆಗೆಯುತ್ತೇವೆಂದು ರೇಡಿಯೋ ಹೇಳಿತು.

"ಮೇಣದಬತ್ತಿ ತರ್ತೀನಿ," ಎಂದಳು ಹೆಂಡತಿ ಪಸಿಂಗ್.

"ಬೀಗರನ್ನ ಕತ್ತಲೇಲಿ ಕೂರಿಸೋಕೆ ಈ ಟೆರ್ಯೋ ಇನ್ನೂ ಸತ್ತಿಲ್ಲ!"

ಹಿತ್ತಲ ತೊರೆಗೆ ಶುಕ್ರವಾರ ಸಂಜೆಯೇ ಬಿದಿರು, ಮರಳುಮೂಟೆಗಳಿಂದ ಮಹಾ ಅಣೆಕಟ್ಟು ಕಟ್ಟಿದೆ. ಕೆಳಗೆ ತಗಡಿನ ಚಕ್ರ, ಅದಕ್ಕೆ ಹಳೆಯ ಜೀಪಿನ ಡೈನಮೋ. ಅಣೆಕಟ್ಟಿನ ಬಾಯಿಗೆ ಅಡ್ಡವಿಟ್ಟ ಹಲಗೆ ಎತ್ತಿದರೆ ನೀರು ಧುಮುಕಬೇಕು, ಚಾವಡಿಯ ಬಲ್ಬು ಉರಿಯಬೇಕು. (ಸ್ವಿಚ್ಚು ಹಾಕಿರಲಿಲ್ಲ. ಉರಿಯುವ ದೀಪವನ್ನು ಯಾರಾದರೂ ಆರಿಸುತ್ತಾರೆಯೇ?)

"ಆ ನೀರು ಮುಂದೆ ಎಲ್ಲಿಗೆ ಹೋಗುತ್ತೆ ಅಂತ ನೋಡಿದೀಯಾ?" ಎಂದಳು ಪಸಿಂಗ್.

"ಎಲ್ಲಿಗೋ! ನೀರಿಗೆ ದಾರಿ ಹೇಳೋಕೆ ನಾನ್ಯಾರು?"

ಶನಿವಾರ ಸಂಜೆ ಗಂಡಿನ ಅಪ್ಪ, ಬೀಗರು ಬಾಸ್ಯೋ ಬಂದರು. ಕೈಯಲ್ಲೊಂದು ಬುಟ್ಟಿ ಹುರಿದ ತಿಲಾಪಿಯಾ ಮೀನು, ಮುಖ ಕೆಂಡ.

"ತಿನ್ನಿ ಟೆರ್ಯೋ ಅಣ್ಣ. ಬೆಳಗ್ಗೆಯಿಂದ ಸಾಯ್ತಿರೋ ಮೀನು. ಹೋದ ತಿಂಗಳು ನಿಮ್ಮ ಬಿದಿರಮೆಳೆಯಾಚೆ ಕೊಳ ಗೇಣಿಗೆ ಹಿಡಿದೆ. ಮದುವೆ ಖರ್ಚೆಲ್ಲ ಆ ಮೀನಿನ ಮೇಲೇ. ಯಾವನೋ ನೀರು ಕಟ್ಟಿದಾನೆ. ಇನ್ನೊಂದು ಗಂಟೇಲಿ ನೀರು ಬರದಿದ್ರೆ ಮೀನೂ ಇಲ್ಲ, ಮದುವೇನೂ ಇಲ್ಲ. ಮದುಮಗ ಆಗಬೇಕಾದ ನಮ್ಮ ರುಯೆಲ್ ಅಲ್ಲೇ ಬಕೆಟ್ ಹಿಡ್ಕೊಂಡು ಒದ್ದಾಡ್ತಿದಾನೆ."

ನನ್ನ ಬಾಯಲ್ಲಿದ್ದ ಮೀನು ಮುಳ್ಳಾಯಿತು.

"ಅವನು ಸಿಕ್ಕಿದ್ರೆ ಕಾಲು ಮುರೀತೀನಿ," ಎಂದರು ಬೀಗರು. ಬಾಗಿಲ ಸಂದಿಯಲ್ಲಿ ಮರಿವಿಕ್ ಅಳುತ್ತಿದ್ದಳು. ಪಸಿಂಗ್ ನನ್ನ ತೊಡೆ ಚಿವುಟಿ ಪಿಸುಗುಟ್ಟಿದಳು: "ಹೋಗಿ ಬಿಚ್ಚು!"

"ಬಿಚ್ಚಿದ್ರೆ ದೀಪ ಹತ್ತುತ್ತೆ ಕಣೇ!"

"ಕಾಲು ಬೇಕೋ, ಅಳಿಯ ಬೇಕೋ?"

ಹೊಟ್ಟೆ ಕೆಟ್ಟಿದೆಯೆಂದು ನೆಪ ಹೇಳಿ ಹಿತ್ತಲಿಗೆ ಓಡಿದೆ. ತಂತಿ ಕೀಳೋಣವೆಂದರೆ ನಾನೇ ಹೆಮ್ಮೆಯಿಂದ ಏಳು ಸುತ್ತು ಬಿಗಿದಿದ್ದೆ. ಅಷ್ಟರಲ್ಲಿ ಮೆಳೆಯಾಚೆಯಿಂದ ರುಯೆಲ್ ಕೂಗಿದ: "ಅಪ್ಪಾ, ದೊಡ್ಡ ಮೀನೂ ತೇಲ್ತಿವೆ!" ಕಣ್ಣು ಮುಚ್ಚಿ ಹಲಗೆ ಎಳೆದುಬಿಟ್ಟೆ.

ನೀರು ಧುಮುಕಿತು. ಊರೆಲ್ಲ ಕತ್ತಲೆಯಿರುವಾಗ ಬೀಗರ ನೆತ್ತಿಯ ಮೇಲೆ ಬಲ್ಬು ಝಗ್ಗೆಂದು ಹತ್ತಿತು. ತುಸು ಹೊತ್ತಿಗೇ ಆಚೆಯಿಂದ: "ಅಪ್ಪಾ, ನೀರು ಬಂತು!"

ನಾನು ಒಳಗೆ ಬಂದಾಗ ಬೀಗರು ಬಲ್ಬನ್ನೊಮ್ಮೆ, ತೊಟ್ಟಿಕ್ಕುತ್ತಿದ್ದ ನನ್ನ ಚಡ್ಡಿಯನ್ನೊಮ್ಮೆ ನೋಡಿದರು. ಆಮೇಲೆ ಕೇಳಿದರು:

"ಮದುವೆಗೆ ಮುಂಚೆ ಗಂಡು ಮೂರು ತಿಂಗಳು ಹೆಣ್ಣಿನ ಮನೇಲಿ ನೀರು ಹೊತ್ತು, ಸೌದೆ ಒಡೀಬೇಕು. ನಮ್ಮ ಹಿರಿಯರ ಪದ್ಧತಿ, ಅಲ್ವಾ ಅಣ್ಣ?"

"ಹೌದು, ಬೀಗರೇ," ಎಂದೆ, ಬದುಕಿದೆನೆಂದುಕೊಂಡು.

"ಪದ್ಧತಿ ಬಿಡೋದು ಬೇಡ. ಆಳು ಮಾತ್ರ ಬದಲಾಗಲಿ."

ಈಗ ದಿನಾ ಬೆಳಗ್ಗೆ ನಾನು ಬೀಗರ ಕೊಳದ ಕೆಸರು ಎತ್ತುತ್ತೇನೆ, ಸೌದೆಯನ್ನೂ ಒಡೆಯುತ್ತೇನೆ. ರುಯೆಲ್ ಮಾತ್ರ ನಮ್ಮ ಚಾವಡಿಯಲ್ಲಿ ಕಾಫಿ ಕುಡಿಯುತ್ತಿರುತ್ತಾನೆ. ಮೊನ್ನೆ ಅವನು ನನ್ನ ಬಲ್ಬಿಗೊಂದು ಸ್ವಿಚ್ಚು ಹಾಕಿಕೊಟ್ಟ.