ಮೂವತ್ತೆರಡು ಹಲ್ಲಿನ ಷಡ್ಡಕರು

ಅರವತ್ತೆಂಟರ ವಯಸ್ಸಿನಲ್ಲಿ ಮೂವತ್ತೆರಡೂ ಹಲ್ಲು ಉಳಿಸಿಕೊಂಡ ಮನುಷ್ಯ ಇಡೀ ಹೈದರಾಬಾದಿನಲ್ಲಿ ಒಬ್ಬರೇ ಒಬ್ಬರು. ಅವರು ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಈ ಲೆಕ್ಕ ನನಗೆ ಹೇಗೆ ಗೊತ್ತು ಅಂತೀರಾ? ಅವರೇ ಹೇಳುತ್ತಾರೆ. ನೀವು ಕೇಳಬೇಕಾಗಿಲ್ಲ. ಮಿಯಾಪುರದಲ್ಲಿ ಮೆಟ್ರೋ ಹತ್ತಿ ಅವರ ಪಕ್ಕದಲ್ಲಿ ಕೂತರೆ ಸಾಕು, ಅಮೀರ್‌ಪೇಟೆ ಬರುವಷ್ಟರಲ್ಲಿ ಮೇಲಿನ ಸಾಲಿನ ಹದಿನಾರೂ ನಿಮಗೆ ಪರಿಚಯವಾಗಿರುತ್ತವೆ. ಕೆಳಗಿನ ಸಾಲು ಶುರುವಾಗುವ ಮೊದಲೇ ಜನ ಇಳಿದು ಹೋಗುತ್ತಾರೆ. ಅವರೆಲ್ಲ ಇಳಿಯಬೇಕಾದ ಸ್ಟೇಷನ್ ಅದೇ ಇತ್ತು ಎಂದು ನಾನು ಹೇಳಲಾರೆ.

ಮನುಷ್ಯನನ್ನು ಅವರು ಅಳೆಯುವುದೂ ಹಲ್ಲಿನಿಂದಲೇ. ನನ್ನ ಮಗಳನ್ನು ನೋಡಲು ಗಂಡಿನವರು ಬಂದಾಗ ಎಲ್ಲರೂ ಹುಡುಗನ ಓದು, ನೌಕರಿ ವಿಚಾರಿಸಿದರೆ ಇವರು ಜೇಬಿನಿಂದ ಒಂದು ಅಖರೋಟು ತೆಗೆದು ಅವನ ಕೈಗಿಟ್ಟು, ಹಲ್ಲಿನಿಂದ ಒಡೆದು ತೋರಿಸಬೇಕೆಂದರು. ಹುಡುಗ ಬೆವರಿದ. ಮನೆತನದ ಮರ್ಯಾದೆ ಹೋಗುತ್ತದೆಂದು ಅವನ ಅಪ್ಪ ಅಖರೋಟನ್ನು ಕಸಿದುಕೊಂಡು ತಾವೇ ಕಚ್ಚಿದರು. ಅಖರೋಟು ಹಾಗೆಯೇ ಉಳಿಯಿತು. ಬೀಗರ ಮೇಲಿನ ಕಟ್ಟು ಹಲ್ಲಿನ ಸೆಟ್ಟು ಉಪ್ಪಿಟ್ಟಿನ ತಟ್ಟೆಗೆ ಬಂತು. ಮದುವೆ ಆಯಿತು, ಆ ಮಾತು ಬೇರೆ. ಬೀಗರು ಇವತ್ತಿಗೂ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿನ್ನುವುದಿಲ್ಲ.

ಇಂಥ ಹಲ್ಲಿನ ಗುಟ್ಟು ಒಂದು ಕಪ್ಪು ಪುಡಿ. ಬಾದಾಮಿ ಸಿಪ್ಪೆ ಸುಟ್ಟ ಮಸಿ, ಉಪ್ಪು, ಪಟಿಕ, ಲವಂಗ. ಭೂಮಾಪನ ಇಲಾಖೆಯಲ್ಲಿ ಇರುವಾಗಲೇ ಇದನ್ನು ಕಂಡುಹಿಡಿದರು. ಸರ್ಕಾರಿ ಕೆಲಸದ ನಡುವೆ ಇಷ್ಟು ಪುರುಸೊತ್ತು ಹೇಗೆ ಸಿಕ್ಕಿತೋ! ದಿನಾ ಬೆಳಿಗ್ಗೆ ಇದನ್ನು ಬೆರಳಿಗೆ ಹಚ್ಚಿಕೊಂಡು ಒಸಡಿನಿಂದ ರಕ್ತ ಬರುವವರೆಗೆ ತಿಕ್ಕುತ್ತಿದ್ದರು. ರಕ್ತ ಬರದಿದ್ದರೆ ಆವತ್ತು ಹಲ್ಲುಜ್ಜಿದ್ದು ಲೆಕ್ಕಕ್ಕಿಲ್ಲ. ಮೈಯೊಳಗಿನ ಕೆಟ್ಟ ರಕ್ತವೆಲ್ಲ ಒಸಡಿನ ಮೂಲಕ ಹೊರಗೆ ಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಹಾಗಾದರೆ ಇಷ್ಟು ವರ್ಷಕ್ಕೆ ಒಳಗೆ ಏನೂ ಉಳಿದಿರಬಾರದಲ್ಲ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಎರಡು ಭಾನುವಾರ ನಮ್ಮ ಮಲ್ಕಾಜ್‌ಗಿರಿ ಮನೆಗೆ ಬರಲಿಲ್ಲ.

ಇಲ್ಲಿ ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ಕುಚೇಷ್ಟೆಯಲ್ಲಿ ನನ್ನನ್ನು ಮೀರಿಸುವವರು ಸಿಕಂದರಾಬಾದಿನಿಂದ ವಾಡಿ ಜಂಕ್ಷನ್ನಿನವರೆಗೆ ಯಾರೂ ಇಲ್ಲ. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ್ದೇನೆ. ನಮ್ಮ ಸಾಹೇಬರ ವರ್ಗಾವಣೆಯಾದಾಗ ಅವರ ಛತ್ರಿಯನ್ನು ಅವರ ಹೆಸರಿಗೇ ಪಾರ್ಸೆಲ್ ಮಾಡಿ, ಬಿಡಿಸಿಕೊಳ್ಳಲು ಅವರಿಂದಲೇ ಅರ್ಜಿ ಬರೆಸಿದವನು ನಾನು. ಇಂಥವನ ಕೈಗೆ ಇಂಥ ಷಡ್ಡಕರನ್ನು ದೇವರು ಕೊಟ್ಟರೆ ಅದು ಯಾರ ತಪ್ಪು?

ಕಳೆದ ವರ್ಷ ಅವರ ಹೊಟ್ಟೆ ಕೆಟ್ಟಿತು. ಒಮ್ಮೆ ಉರಿ, ಒಮ್ಮೆ ವಾಯು, ಒಮ್ಮೆ ಬೆಳಗಿನಿಂದ ಬಚ್ಚಲಿಗೆ ಓಡಾಟ. ಬೀಪಿಯೂ ಏರಿತು. ಹೊಟ್ಟೆಗೆ ಹೆಂಡತಿಯ ಅಡುಗೆ ಕಾರಣ, ಬೀಪಿಗೆ ನಾನು ಕಾರಣ ಎಂದು ಅವರೇ ರೋಗವನ್ನು ಹಂಚಿಬಿಟ್ಟಿದ್ದರು. ನಮ್ಮ ಓಣಿಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಅವರು ಹೊಟ್ಟೆ ಒತ್ತಿ ನೋಡಿದರು, ನಾಲಿಗೆ ಚಾಚಿ ಎಂದರು, ಸ್ವಲ್ಪ ಹಿಂದೆ ಸರಿದರು. ಬೀಪಿಗೆ ಗುಳಿಗೆ ಬರೆದು, ಮೊದಲು ಹಲ್ಲಿನ ಡಾಕ್ಟರರಿಗೆ ತೋರಿಸಿ ಎಂದರು.

ಇದು ಅವರಿಗೆ ದೊಡ್ಡ ಅವಮಾನ. "ಹೊಟ್ಟಿ ನೋಯತೈತಿ ಅಂದ್ರ ಬಾಯಿ ರಿಪೇರಿ ಮಾಡಸ್ರಿ ಅಂತಾನಲ್ಲಪಾ," ಎಂದು ದಾರಿಯುದ್ದಕ್ಕೂ ಗೊಣಗಿದರು.

ನಾರಾಯಣಗೂಡದಲ್ಲಿ ಒಂದು ಹಲ್ಲಿನ ದವಾಖಾನೆ. ಅಲ್ಲಿನ ಡಾಕ್ಟರು ತೆಲುಗಿನ ಹುಡುಗಿ, ಚುರುಕು. ನಾನು ಒಳಗೆ ಬರುತ್ತೇನೆ, ತೆಲುಗು ಬಿಡಿಸಿ ಹೇಳುತ್ತೇನೆ ಎಂದರೆ ಷಡ್ಡಕರು ಒಪ್ಪಲಿಲ್ಲ. ನಲವತ್ತು ವರ್ಷ ಈ ಊರಿನಲ್ಲಿದ್ದು ತಮಗೆ ತೆಲುಗು ಬರುವುದಿಲ್ಲವೇ? ಅವರ ತೆಲುಗು ನೀವು ಕೇಳಬೇಕು. ಕನ್ನಡದ ಪ್ರತಿ ಮಾತಿಗೂ ಒಂದು 'ಅಂಡಿ' ಅಂಟಿಸುತ್ತಾರೆ, ಅಷ್ಟೇ. "ಹಲ್ಲು ಗಟ್ಟಿ ಐತಂಡಿ, ಮೂವತ್ತೆರಡೂ ಅದಾವಂಡಿ" ಎನ್ನುವುದು ಪರದೆಯ ಹೊರಗೆ ಕೂತ ನನಗೆ ಕೇಳಿಸಿತು. ಆಕೆ ಬಹಳ ಹೊತ್ತು ನೋಡಿ, "ಮೀ ಚಿಗುಳ್ಳು ಬಾಗಾ ವಾಚಾಯಂಡಿ" ಎಂದಳು.

ತೆಲುಗಿನಲ್ಲಿ ಚಿಗುಳ್ಳು ಅಂದರೆ ಒಸಡು. ವಾಚಾಯಿ ಅಂದರೆ ಬಾತಿವೆ. ನಿಮ್ಮ ಒಸಡು ಚೆನ್ನಾಗಿ ಬಾತುಕೊಂಡಿದೆ ಎಂದು ಆಕೆ ಹೇಳಿದ್ದು.

ಷಡ್ಡಕರು ಎದೆ ಉಬ್ಬಿಸಿಕೊಂಡು ಹೊರಗೆ ಬಂದರು. "ಕೇಳಿದ್ಯಾ? ಚಿಗುರು ಬಾಗಾ ವಾಸಿ ಐತಿ ಅಂದ್ಲು. ಈ ವಯಸ್ಸಿನ್ಯಾಗ ಚಿಗುರು!"

ಕೈಯಲ್ಲಿ ಚೀಟಿಯಿತ್ತು. ಅದರಲ್ಲಿ ಸ್ಕೇಲಿಂಗ್ ಎಂದು ಬರೆದಿತ್ತು, ಮುಂದಿನ ವಾರ ಬರಬೇಕು ಎಂದಿತ್ತು. ಹಲ್ಲಿನ ಕಿಟ್ಟ ಕೆರೆದು ತೆಗೆಯುವುದಕ್ಕೆ ಹಾಗೆನ್ನುತ್ತಾರೆಂದು ನನಗೆ ಗೊತ್ತಿತ್ತು, ಆದರೂ ಇದೇನು ಎಂದು ಕೇಳಿದೆ. ಸ್ಕೇಲಿಟ್ಟು ಅಳೆಯುತ್ತಾಳಂತೆ, ಸರ್ವೇ ಇಲಾಖೆಯವನ ಹಲ್ಲನ್ನು ಇನ್ನೊಬ್ಬರು ಏನು ಅಳೆಯುವುದು ಎಂದು ಚೀಟಿ ಮಡಚಿ ಜೇಬಿಗಿಟ್ಟರು.

ಆಗ ನಾನು ಹೇಳಬೇಕಿತ್ತು. ಹೇಳಲಿಲ್ಲ. ಬಾಯಿಗೆ ಬಂದ ಲಾಡನ್ನು ಯಾರಾದರೂ ಉಗುಳುತ್ತಾರೆಯೇ? ಕೈ ಕುಲುಕಿ ಅಭಿನಂದಿಸಿದೆ. ಇಷ್ಟು ದೊಡ್ಡ ಸುದ್ದಿಗೆ ಬಾಯಿ ಸಿಹಿ ಮಾಡದಿದ್ದರೆ ಹೇಗೆ ಎಂದು ಪೇಡೆಯ ಡಬ್ಬಿ ಕೊಡಿಸಿ, ಅಪಾರ್ಟ್‌ಮೆಂಟಿನ ಮನೆಮನೆಗೂ ಹಂಚಲು ಹೇಳಿ ಕಳಿಸಿದೆ. ಒಂದು ವಾರ ಬಿಟ್ಟು ನಿಜ ಹೇಳಿ ನಗುವುದು ನನ್ನ ಲೆಕ್ಕ. ಆಮೇಲೆ ಇನ್ನೊಂದು ವಾರ. ಮೂರು ತಿಂಗಳಾಯಿತು.

ಒಂದು ಭಾನುವಾರ ಅವರು ನಮ್ಮ ಮನೆಯಲ್ಲಿ ಊಟಕ್ಕೆ ಕೂತು ಜೋಳದ ರೊಟ್ಟಿಯನ್ನು ಚೂರು ಮಾಡಿ ಸಾರಿನಲ್ಲಿ ನೆನೆಸಿಟ್ಟರು. ಅಖರೋಟು ಒಡೆಯುವ ಮನುಷ್ಯ. ನನ್ನ ಹೆಂಡತಿ ನನ್ನನ್ನು ನೋಡಿದಳು. ನಾನು ಚಟ್ನಿಪುಡಿ ನೋಡಿದೆ. ಮರುದಿನವೇ ಅಮೀರ್‌ಪೇಟೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಅವರಿಗೆ ತಲೆ ತಿರುಗಿ, ಯಾರೋ ಹಿಡಿದು ಕೂರಿಸಿ, ಮನೆಗೆ ಫೋನು ಬಂತು.

ಓಣಿಯ ಡಾಕ್ಟರು ಬೀಪಿ ನೋಡಿ, ಸಕ್ಕರೆ ಪರೀಕ್ಷೆ ನೋಡಿ ಮುಖ ಗಂಟಿಕ್ಕಿದರು. ಬಾಯಿ ನೋಡಿ ಇನ್ನೂ ಗಂಟಿಕ್ಕಿದರು. ಒಸಡು ಹಲ್ಲನ್ನು ಬಿಟ್ಟು ಸರಿದ ಸಂದಿಯಲ್ಲಿ ಕ್ರಿಮಿ ಮನೆ ಮಾಡಿದೆ ಎಂದರು. ಅಗಿದಾಗ, ತಿಕ್ಕಿದಾಗ ಅವು ರಕ್ತಕ್ಕೆ ಇಳಿಯುತ್ತವೆ; ಅವುಗಳ ಜೊತೆ ಮೈ ದಿನವೂ ಜಗಳವಾಡುತ್ತದೆ; ಆ ಜಗಳದ ಬಿಸಿ ರಕ್ತನಾಳದ ಒಳಗೋಡೆಗೂ ತಗಲುತ್ತದೆ, ನಾಳ ಪೆಡಸಾಗುತ್ತದೆ. ಎಂಜಲಿನ ಜೊತೆ ನುಂಗಿದ್ದು ಕರುಳಿಗೆ ಹೋಗಿ ಅಲ್ಲಿರುವ ಒಳ್ಳೆಯ ಕ್ರಿಮಿಗಳ ಸಂಸಾರವನ್ನು ಕೆಡಿಸಬಹುದು. ಬೀಪಿಗೂ ಹೊಟ್ಟೆಗೂ ಇದೊಂದೇ ಕಾರಣ ಎನ್ನುವುದಿಲ್ಲ, ಗುಳಿಗೆ ಬಿಡುವಂತಿಲ್ಲ, ಆದರೆ ಕೈಯಿಂದ ಸರಿ ಮಾಡಬಹುದಾದದ್ದು ಇದೊಂದು, ಅದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರು. ಕೆಟ್ಟದ್ದು ಹೊರಗೆ ಹೋಗುತ್ತದೆಂದು ಷಡ್ಡಕರು ದಿನಾ ತೆರೆಯುತ್ತಿದ್ದ ಬಾಗಿಲಿನಿಂದಲೇ ಅದು ಒಳಗೆ ಹೋಗುತ್ತಿತ್ತು. ನಾನು ಆ ಬಾಗಿಲಿಗೆ ತೋರಣ ಕಟ್ಟಿದ್ದೆ.

ಮನೆಗೆ ಬಂದವನೇ ಹೆಂಡತಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ನೀವೇ ಕರ್ಕೊಂಡು ಹೋಗ್ರಿ," ಎಂದಳು. "ನೀವೇ ಹೇಳ್ರಿ."

ಮತ್ತೆ ನಾರಾಯಣಗೂಡ. ಆಕೆ ನೋಡಿ, ಕೆಳಗಿನ ಎರಡು ಹಲ್ಲು ಅಲುಗುತ್ತಿವೆ, ಇವತ್ತೇ ಒಸಡಿನ ಕೆಳಗಿನವರೆಗೆ ಶುಚಿ ಮಾಡಬೇಕು, ತಡ ಮಾಡಿದರೆ ಉಳಿಯುವ ಭರವಸೆ ಇಲ್ಲ ಎಂದಳು. ಈ ಸಲ ತೆಲುಗು ಬಿಡಿಸಿ ಹೇಳಿದವನು ನಾನೇ. ಅವರು ಎದ್ದು ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಮಾಡಿಸುವುದಿಲ್ಲ, ಮನೆಗೆ ನಡೆ ಎಂದರು.

ನಾನು ಪಕ್ಕದಲ್ಲಿ ಕೂತೆ. ಒಪ್ಪಿಕೊಳ್ಳುವ ಕೆಲಸ ನನಗೆ ರೂಢಿಯಿಲ್ಲ.

"ಸಾಹೇಬ್ರ, ಒಂದು ಮಾತು ಹೇಳ್ಬೇಕಾಗೈತ್ರಿ. ಅವತ್ತು ಆಕಿ ವಾಸಿ ಅಂದಿಲ್ರಿ. ವಾಚಾಯಿ ಅಂದಾಳ. ಬಾತಾವು ಅಂತ."

"ಗೊತ್ತೈತಿ," ಎಂದರು.

"ಯಾವಾಗ ಗೊತ್ತಾತ್ರಿ?"

"ಅವತ್ತೇ. ಪೇಡಾ ಕೊಡಾಕ ಹೋದಾಗ. ಮೂರನೇ ಮನಿ ತೆಲುಗಿನಾಕಿಗೆ ಡಾಕ್ಟ್ರು ಅಂದಿದ್ದು ಹೇಳಿದ್ರ ಆಕಿ ಕೇಳಿದ್ಲು, ಒಸಡು ಬಾತ್ರ ಪೇಡಾ ಯಾಕ್ರಿ ಅಂಕಲ್ ಅಂತ."

ನಗಬೇಕಾದ ಜಾಗ ಅದು. ಇಬ್ಬರಿಗೂ ನಗು ಬರಲಿಲ್ಲ. ಅವರು ಜೇಬಿನಿಂದ ಆ ಹಳೆಯ ಚೀಟಿ ತೆಗೆದು ಮಡಚುತ್ತ, ಬಿಚ್ಚುತ್ತ ಹೇಳತೊಡಗಿದರು. ಅವರಿಗೊಬ್ಬ ತಮ್ಮನಿದ್ದನಂತೆ. ಇಷ್ಟು ವರ್ಷದಲ್ಲಿ ನಾನು ಆ ಹೆಸರು ಕೇಳಿರಲಿಲ್ಲ. ತಂಬಾಕಿನವನು. ಬಾಯಲ್ಲಿ ರಕ್ತ ಕಂಡಿತು, ಡಾಕ್ಟರು ಏನೋ ಹೇಳಿದರು, ಆಮೇಲೆ ಒಂದು ಮಳೆಗಾಲವೂ ಕಳೆಯಲಿಲ್ಲ, ತೀರಿಕೊಂಡ. ಅಂದಿನಿಂದ ಇವರು ಕನ್ನಡಿಯ ಮುಂದೆ ದಿನಾ ಹಲ್ಲು ಎಣಿಸುತ್ತಿದ್ದರು. ಎಣಿಕೆ ಸರಿಯಿದ್ದರೆ ಎಲ್ಲ ಸರಿಯಿದೆ ಎಂದು.

"ನನಗೆ ಅಂಜಿಕಿ ಆಗಿತ್ತಪಾ," ಎಂದರು. "ನೀ ಪರದೆ ಹಿಂದ ಕುಂತು ಎಲ್ಲಾ ಕೇಳಿದ್ದಿ. ನಿನಗ ತೆಲುಗು ಬರ್ತೈತಿ. ಆದ್ರೂ ಕೈ ಕುಲುಕಿದಿ, ಪೇಡಾ ಕೊಡಿಸಿದಿ. ನಾ ಅಂಜೀನಿ ಅಂತ ತಿಳ್ಕೊಂಡು, ನನಗ ಧೈರ್ಯ ಬರ್ಲಿ ಅಂತ ಹಂಗ ಮಾಡಿದಿ ಅನ್ಕೊಂಡೆ. ಅದಕ್ಕ ನಾನೂ ಸುಮ್ನಾದೆ."

ನಾನು ಮಾಡಿದ್ದು ಕುಚೇಷ್ಟೆ ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಆ ಮಾತು ಇವತ್ತಿಗೂ ಹೇಳಿಲ್ಲ.

"ಈಗೂ ನಾ ಇಲ್ಲೇ ಇರ್ತೀನ್ರಿ," ಎಂದಷ್ಟೇ ಹೇಳಿದೆ.

ಅವರು ಎದ್ದರು. ನಾನೂ ಎದ್ದು ಹಿಂದೆ ಹೋದೆ. ಕುರ್ಚಿಯ ಹತ್ತಿರ ಆಕೆ ನನ್ನನ್ನು ತಡೆದು, ಹೊರಗಿನವರು ಇಲ್ಲಿ ನಿಲ್ಲುವ ಹಾಗಿಲ್ಲ, ನೀವು ಅವರಿಗೆ ಏನಾಗಬೇಕು ಎಂದು ಕೇಳಿದಳು. ಷಡ್ಡಕ ಎನ್ನುವುದಕ್ಕೆ ತೆಲುಗಿನಲ್ಲಿ ಏನೆನ್ನುತ್ತಾರೆಂದು ನಾನು ಹುಡುಕುವಷ್ಟರಲ್ಲಿ, ಕುರ್ಚಿಯಲ್ಲಿ ಆಗಲೇ ಒರಗಿದ್ದ ಅವರು ನನ್ನ ಮುಂಗೈ ಹಿಡಿದುಕೊಂಡರು.

"ಈಯನ ಮಾ ತಮ್ಮುಡಂಡಿ," ಎಂದರು, ಈ ಸಲ ಸರಿಯಾದ ತೆಲುಗಿನಲ್ಲಿ. ಇವನು ನನ್ನ ತಮ್ಮ.

ನಿಜ ಹೇಳಬೇಕೆಂದರೆ ವಯಸ್ಸಿನಲ್ಲಿ ನಾನೇ ಅವರಿಗಿಂತ ಎಂಟು ತಿಂಗಳು ದೊಡ್ಡವನು. ಬೇರೆ ದಿನವಾಗಿದ್ದರೆ ಅದನ್ನು ಹಿಡಿದುಕೊಂಡು ಒಂದು ವರ್ಷ ಕಾಡಿಸುತ್ತಿದ್ದೆ. ಅವತ್ತು ಸ್ಟೂಲು ಎಳೆದುಕೊಂಡು ಸುಮ್ಮನೆ ಕೂತೆ.